ಮಾಲೀಸಿನವರು ತಿಕ್ಕಲೊಪ್ಪದ ಕಾಲು

ಮಾಲೀಸಿನವರ ಹೆಬ್ಬೆರಳುಗಳು ಚಪ್ಪಟೆಯಾಗಿ ಹಿಂದಕ್ಕೆ ಬಾಗಿದ್ದವು. ಹೊನ್ನಾವರ ಬಂದರಿನ ಮೀನುಗಾರರ ಸೊಂಟ, ಭುಜಗಳನ್ನು ವರ್ಷಾನುಗಟ್ಟಲೆ ಒತ್ತಿ ಒತ್ತಿ ಆದದ್ದು. ಎಣ್ಣೆ ಮುಟ್ಟುವ ಮೊದಲು ಅವರದೊಂದು ಕ್ರಮವಿತ್ತು. ಬಂದವರನ್ನು ಅಂಗಳದಲ್ಲಿ ನಡೆಸಿ ನೋಡುವರು. "ಜ್ವರ ಅದ್ಯಾ? ಸಕ್ಕರೆ ಕಾಯ್ಲೆ ಅದ್ಯಾ?" ಎಂದು ಕೇಳುವರು. ಆಮೇಲೆ ಕೈಯ ಹಿಂಬದಿಯಿಂದ ಮೈ ಮುಟ್ಟಿ ಬಿಸಿ ನೋಡುವರು. ಎಷ್ಟೋ ಜನರನ್ನು ಹಾಗೇ ವಾಪಸು ಕಳಿಸುತ್ತಿದ್ದರು.

"ತಿಕ್ಕೂಕೆ ಎಲ್ರಿಗೂ ಬತ್ತದೆ. ಬ್ಯಾಡ ಅನ್ನೂಕೆ ಕಲೀಬೇಕು" ಎನ್ನುವರು. ನಮಗೆ ಅದು ಮುದುಕರ ಜಂಬದಂತೆ ಕೇಳುತ್ತಿತ್ತು. ಕಣ್ಣಲ್ಲಿ ನೀರು ಬರುವಂತೆ ತಿಕ್ಕುವವನೇ ಒಳ್ಳೆಯವನು ಎಂಬುದು ಬಂದರಿನ ನಂಬಿಕೆ. ಬ್ಯಾಂಕಿನಲ್ಲಿ ಕೂರುವ ನನ್ನದೂ ಅದೇ.

ಬೋಟಿನಲ್ಲಿ ಬಿದ್ದು ಪಾದ ಮುರಿದುಕೊಂಡಿದ್ದ ಅಣ್ಣನ ಪ್ಲಾಸ್ಟರ್ ಬಿಚ್ಚಿದ ವಾರವೇ ಮೀನಖಂಡ ಊದಿಕೊಂಡಿತು. ಮಳೆಗಾಲ ಮುಗಿದು ಬೋಟುಗಳು ಹೊರಡುವುದರಲ್ಲಿದ್ದವು, ಅವನಿಗೆ ಅವಸರ. ಮಾಲೀಸಿನವರಲ್ಲಿಗೆ ಕರೆದೊಯ್ದೆ. ಅವರು ಎರಡೂ ಕಾಲು ಮುಟ್ಟಿ ನೋಡಿ ಎಣ್ಣೆಯ ಬಟ್ಟಲನ್ನು ಬದಿಗಿಟ್ಟರು. ಅಣ್ಣ ಗೊಣಗುತ್ತ ರಿಕ್ಷಾ ಹತ್ತುವಾಗ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು: "ತಮ್ಮಾ, ಆ ಕಾಲು ಬಿಸಿ ಅದೆ. ಯಾರ ಹತ್ರನೂ ತಿಕ್ಕಸಬ್ಯಾಡ. ಇವತ್ತೇ ಡಾಕ್ಟ್ರಿಗೆ ತೋರ್ಸು."

"ಆತು" ಎಂದೆ.

ರಿಕ್ಷಾದಲ್ಲಿ ಅಣ್ಣ, "ಮುದುಕಂಗೆ ಕೈಯಲ್ಲಿ ಬಲ ಇಲ್ಲ, ಅದ್ಕೇ ನೆವ" ಎಂದ. ಮತ್ತೆ ಆಸ್ಪತ್ರೆಯಲ್ಲಿ ದಿನಗಟ್ಟಲೆ ಕಾಯುವ ಬೇಸರಕ್ಕೆ ನಾನೂ ಹೂಂಗುಟ್ಟಿದೆ. ಹೆದ್ದಾರಿ ಬದಿಯ ಹೊಸ ಮಸಾಜ್ ಅಂಗಡಿಯಲ್ಲಿ ದಪ್ಪ ತೋಳಿನವನೊಬ್ಬ ಏನೊಂದೂ ಕೇಳದೆ ಅರ್ಧ ತಾಸು ಆ ಕಾಲನ್ನು ಹಿಂಡಿದ. ಇನ್ನೂ ಗಟ್ಟಿಯಾಗಿ ಒತ್ತು ಎಂದವನು ನಾನೇ. ಮರುದಿನ ಬೆಳಿಗ್ಗೆ ಅಣ್ಣ ಉಸಿರು ಸಿಗದೆ ಜಗಲಿಯಲ್ಲೇ ಕುಸಿದು ಪ್ರಾಣ ಬಿಟ್ಟ. ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಶ್ವಾಸಕೋಶಕ್ಕೆ ಏರಿತ್ತು ಎಂದರು ಡಾಕ್ಟರು.

ಹನ್ನೊಂದನೆಯ ದಿನ ಮಾಲೀಸಿನವರು ಮನೆಗೆ ಬಂದರು. ಅತ್ತಿಗೆ ಅಳುತ್ತ ಕೇಳಿದಳು: "ಕಾಲು ಮೊದ್ಲು ನೋಡ್ದವ್ರು ನೀವು. ಒಂದು ಮಾತು ಹೇಳೂಕಾಗ್ಲಿಲ್ವಾ?"

ಅವರು ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಅವರು, "ಹೌದು ತಂಗಿ, ಹೇಳ್ಬೇಕಾಗಿತ್ತು" ಎಂದರು.

ಊರಿನಲ್ಲಿ ಅದೇ ಮಾತು ಹಬ್ಬಿ ಅವರ ಅಂಗಳಕ್ಕೆ ಬರುವವರು ಕಡಿಮೆಯಾದರು. ಹೋಗಿ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಹೊರಟು ಬಂದರಿನ ತನಕ ಹೋಗಿ ಹಿಂತಿರುಗಿದ್ದೇನೆ. ನಾನು ಹೇಡಿ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅತ್ತಿಗೆ ಬರಲಿಲ್ಲ. "ಅವ್ರ ಮೋರೆ ನೋಡೂಕೆ ನಂಗೆ ಮನ್ಸಿಲ್ಲ, ನೀನೇ ಹೋಗಿ ಬಾ" ಎಂದಳು. ಹೋಗಿಬಂದೆ. ಅವಳಿಗೆ ಇನ್ನೂ ಹೇಳಿಲ್ಲ.