ಒಳಗೇ ಉಳಿದ ನಳಿಕೆ

ನಾಚಿಕೆಗೆ ಬಿದ್ದು ನಾನೊಂದು ಸಣ್ಣ ಸುಳ್ಳು ಹೇಳಿದೆ. ಆಪರೇಷನ್ ಟೇಬಲ್ ಹತ್ತಿದ್ದು ಪಕ್ಕದ ಕ್ವಾರ್ಟರ್ಸಿನ ಶಂಕರಪ್ಪ.

ನಾವಿಬ್ಬರೂ ಸನತ್‌ನಗರದ ಒಂದೇ ಕಾರ್ಖಾನೆಯವರು. ಅವರು ಗದಗದ ಕಡೆಯವರು, ಹೈದರಾಬಾದಿಗೆ ಹೊಸಬರು. ಹೋದ ವರ್ಷ ಇಬ್ಬರಿಗೂ ಒಂದೇ ತಿಂಗಳಲ್ಲಿ ಕಿಡ್ನಿ ಕಲ್ಲು, ಒಂದೇ ಆಸ್ಪತ್ರೆ. (ಈ ಊರಿನ ಬೇಸಿಗೆಯಲ್ಲಿ ನೀರಿನ ಬದಲು ಚಹಾ ಕುಡಿದರೆ ಇನ್ನೇನಾಗುತ್ತದೆ?) ಕಲ್ಲು ತೆಗೆದ ಮೇಲೆ ಮೂತ್ರ ಸರಾಗವಾಗಿ ಇಳಿಯಲೆಂದು ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳು ನಳಿಕೆ ಇಡುತ್ತಾರೆ. ಅದೇ ಸ್ಟೆಂಟ್.

ನನ್ನ ಸ್ಟೆಂಟ್ ನನ್ನನ್ನು ಕುಣಿಸಿಬಿಟ್ಟಿತು. ಅರ್ಧ ಗಂಟೆಗೊಮ್ಮೆ ಬಾತ್‌ರೂಮು. ಬಗ್ಗಿದರೆ ಚುಚ್ಚು. ಡಾಕ್ಟರು ಹೇಳಿದ ಮೂರು ವಾರ ಮುಗಿದ ದಿನ ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆಯಲ್ಲಿದ್ದೆ. ಐದು ನಿಮಿಷದಲ್ಲಿ ತೆಗೆದರು. ಯಾವ ದಾರಿಯಿಂದ ಎಂದು ಮಾತ್ರ ಕೇಳಬೇಡಿ.

ಶಂಕರಪ್ಪ ಕೇಳಿದರು. ಅದೂ ಕ್ಯಾಂಟೀನಿನಲ್ಲಿ, ಹತ್ತು ಜನರ ಮುಂದೆ. "ನಿನ್ನೆ ರಜಾ ಹಾಕಿದ್ರಲ್ಲರಿ, ದವಾಖಾನಿಗೆ ಯಾಕ ಹೋಗಿದ್ರಿ?"

"ಏನಿಲ್ಲರಿ, ಸುಮ್ನ ಚೆಕಪ್."

ಅವರೊಳಗೂ ಸ್ಟೆಂಟ್ ಇತ್ತು, ಆದರೆ ನೋವೇ ಇರಲಿಲ್ಲ. ಮೂರು ವಾರ ಬಿಟ್ಟು ಬಂದು ತೆಗೆಸಿಕೊಳ್ಳಬೇಕೆಂದು ನರ್ಸ್ ತೆಲುಗಿನಲ್ಲಿ ಹೇಳಿದ್ದಳು, ಇವರು ಅರ್ಥವಾಗದೆ ತಲೆಯಾಡಿಸಿದ್ದರು. ಇಂಗ್ಲಿಷಿನ ಡಿಸ್ಚಾರ್ಜ್ ಕಾಗದ ಬೀರು ಸೇರಿತ್ತು. ಕಲ್ಲು ಹೋಯಿತು, ಕಥೆ ಮುಗಿಯಿತು ಎಂದುಕೊಂಡಿದ್ದರು.

ಏಳು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ಅವರ ಹೆಂಡತಿ ಗಿರಿಜಾ ಬಾಗಿಲು ಬಡಿದರು. "ಅಣ್ಣಾರ, ಇವರು ಚಳಿಜ್ವರದಾಗ ನಡುಗಾಕತ್ತಾರ್ರಿ. ಮೂತ್ರದಾಗ ರಕ್ತ ಹೊಂಟೈತಿ. ಲಗೂನ ಬರ್ರಿ!"

ಆಟೋ ಹಿಡಿದು ಓಡಿದೆವು. ಎಕ್ಸ್‌ರೇ ತೆಗೆದರು. ನಳಿಕೆ ಒಳಗೇ ಇತ್ತು. ಎರಡೂ ತುದಿಗೆ ಹೊಸ ಕಲ್ಲು ಕಟ್ಟಿತ್ತು!

ಡಾಕ್ಟರು ರೇಗಿದರು. ಸ್ಟೆಂಟ್ ಕೆಲವರಿಗೆ ಕೆಲವೇ ದಿನ ಸಾಕು, ಕೆಲವರಿಗೆ ಕೆಲವು ವಾರ ಬೇಕು. ಅದನ್ನು ನಾವು ನೋಡಿ ಹೇಳುತ್ತೇವೆ, ಆದರೆ ತಿಂಗಳುಗಟ್ಟಲೆ ಮರೆತರೆ ಕಿಡ್ನಿಯೇ ಹೋದೀತು ಎಂದರು. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಮೊದಲು ಜ್ವರ ಇಳಿಸಿದರು. ಆಮೇಲೆ ಎರಡು ಆಪರೇಷನ್. ಕಿಡ್ನಿ ಉಳಿಯಿತು.

ವಾರ್ಡಿನಲ್ಲಿ ಅವರ ಮಂಚದ ಪಕ್ಕ ಕೂತು ಆ ಚೆಕಪ್ಪಿನ ನಿಜ ಹೇಳಿದೆ. ಶಂಕರಪ್ಪ ಹೊಟ್ಟೆ ಹಿಡಿದುಕೊಂಡೇ ನಕ್ಕರು. "ಸಾಹೇಬ್ರು ಬೈದದ್ದು ಹೇಳ್ತೀರಿ, ಮನ್ಯಾಗ ಹೆಂಡ್ತಿ ಬೈದದ್ದೂ ಹೇಳ್ತೀರಿ. ಇದೊಂದು ಹೇಳಾಕ ನಾಚಿಕಿ ಬಂತೇನ್ರಿ?" ನಗು ನಿಂತ ಮೇಲೆ ಮೆಲ್ಲಗೆ ಅಂದರು: "ಒಂದ್ ಮಾತು ಅಂದಿದ್ರ ನಾನೂ ಅವಾಗ ತೆಗಿಸ್ಕೋತಿದ್ದೆ."



ಆಪರೇಷನ್ ಆದವರನ್ನು ನೋಡಲು ಹಣ್ಣು ಹಿಡಿದು ಹೋಗುತ್ತೇವೆ, 'ಹೇಗಿದ್ದೀರಿ' ಎನ್ನುತ್ತೇವೆ. ಒಳಗೇನಾದರೂ ಬಿಟ್ಟಿದ್ದಾರಾ, ಯಾವತ್ತು ತೆಗೆಸಬೇಕು ಎಂದು ನಮ್ಮಲ್ಲಿ ಎಷ್ಟು ಜನ ಕೇಳುತ್ತೇವೆ?