ಬರೀ ಕಥಿ

ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಹಿಂದಿನಿಂದ ಬಂದು, ಹಿಟ್ಟಿನ ಡಬ್ಬಿಗೆ ಆನಿಸಿಟ್ಟಿದ್ದ ನನ್ನ ಫೋನ್ ಕಸಿದುಕೊಂಡರು.

"ಮನಿ ಬಿಟ್ಟು ಬರ್ತೇನಿ ಅಂತ ಯಾರಿಗೆ ಹೇಳಾಕತ್ತೀ ಬೇ?"

ಯಾರಿಗೂ ಅಲ್ಲ. ಅದು ನನ್ನ ಕಥೆಯ ನಾಯಕಿಯ ಮಾತು. ಮದುವೆಗೆ ಮುಂಚೆ ಆಳಂದದ ತವರಿನಲ್ಲಿ ದಿನಾ ಬೆಳಿಗ್ಗೆ ಕೂತು ಬರೆಯುತ್ತಿದ್ದೆ. ಭೂಸನೂರಿನ ಈ ಮನೆಯಲ್ಲಿ ಬೆಳಿಗ್ಗೆ ಎಂದರೆ ರೊಟ್ಟಿ. ಎರಡೂ ಕೈ ಹಿಟ್ಟಿನಲ್ಲಿರುವುದರಿಂದ ಈಗ ಕಥೆಯನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತೇನೆ.

ಅದು ಕಥೆ ಎಂದೆ, ಅತ್ತೆ ನಂಬಲಿಲ್ಲ. ನನ್ನ ಗಂಡನನ್ನು ಕರೆದರು. ಇಬ್ಬರೂ ನಿಂತು ರೆಕಾರ್ಡಿಂಗ್ ಪೂರ್ತಿ ಕೇಳಿದರು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಕೊನೆಗೆ ನನ್ನ ಗಂಡ ನಕ್ಕು ತಾಯಿಗೆ ಹೇಳಿದರು: "ಏನಿಲ್ಲ ಬಿಡವ್ವ, ಬರೀ ಕಥಿ ಅದ."

ಅನುಮಾನಪಟ್ಟಿದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಉರಿಸಿತು. ಓಡಿಹೋಗುವವಳಾಗಿದ್ದರೆ ಮನೆಯೇ ನಡುಗುತ್ತಿತ್ತು. ಬರೆಯುವವಳೆಂದು ಗೊತ್ತಾದದ್ದೇ ತಡ, ಇಬ್ಬರೂ ನಿರಾಳವಾಗಿ ಚಹಾ ಕೇಳಿದರು.

ನಮ್ಮ ಮಾತಿನಲ್ಲಿ ಕಥೆ ಬರೆಯೆಂದು ಹೇಳುವುದೂ 'ಬರಿ ಕಥಿ' ಎಂದೇ. ನನ್ನ ಗಂಡ ಅಂದದ್ದು ಯಾವ ಅರ್ಥದಲ್ಲೆಂದು ನನಗೆ ಗೊತ್ತು. ನಾನು ಇಟ್ಟುಕೊಂಡದ್ದು ಇನ್ನೊಂದನ್ನು. ಮರುದಿನ ಹಿಟ್ಟು ನಾದುತ್ತ, ಪಡಸಾಲೆಗೂ ಕೇಳುವಷ್ಟು ಜೋರಾಗಿ ಕಥೆ ಮುಂದುವರಿಸಿದೆ.