ಆಖೆನ್‌ನಲ್ಲಿ ತಪ್ಪಿಸಿದ ಸರದಿ

ಆ ಶನಿವಾರ ನಾವು ಸಿಂಡೆಲ್‌ಫಿಂಗೆನ್ ಬಿಟ್ಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮಾರ್ಕ್ ಹೋಗಿ ಯೂರೋ ಬಂದ ವರ್ಷ. ಮಾರ್ಚ್ ತಿಂಗಳ ಚಳಿ. ನನ್ನ ಮಗಳು ಶೈಲಾ ಜರ್ಮನಿಯ ಗ್ರೀನ್ ಕಾರ್ಡ್ ಮೇಲೆ ಬಂದು ಅಲ್ಲಿ ಕಾರುಗಳಿಗೆ ಸಾಫ್ಟ್‌ವೇರ್ ಬರೆಯುವ ಕಚೇರಿಯೊಂದರಲ್ಲಿದ್ದಳು. ನಾನು ಮೂರು ತಿಂಗಳಿಗೆಂದು ಅವಳ ಬಳಿ ಹೋಗಿದ್ದೆ. ಅವಳು ಕಾಲೇಜಿನ ದಿನಗಳಿಂದ ಕ್ಯಾಸೆಟ್ಟಿನಲ್ಲಿ ಕೇಳಿ ಮೆಚ್ಚಿದ್ದ ಅಮೆರಿಕದ ಗಿಟಾರ್ ವಾದಕರೊಬ್ಬರ ಸಂಗೀತ ಕಛೇರಿ ಅಂದು ಸಂಜೆ ಆಖೆನ್‌ನಲ್ಲಿ ಇತ್ತು. ಊರಿಗೆ ಮರಳಿದ ಮೇಲೆ ಈ ಪ್ರವಾಸದ ಬಗ್ಗೆ ಕೇಳಿದವರಿಗೆಲ್ಲ ರೈನ್ ನದಿಯ ವರ್ಣನೆ ಮಾಡಿದ್ದೇನೆ. ಉಳಿದದ್ದನ್ನು ಇಲ್ಲಿಯವರೆಗೆ ಹೇಳಿರಲಿಲ್ಲ.

ವಾರಾಂತ್ಯದ ಟಿಕೆಟ್‌ಗೆ ದಿನಕ್ಕೆ ಇಪ್ಪತ್ತೆಂಟು ಯೂರೋ. ಒಂದೇ ಟಿಕೆಟಿನಲ್ಲಿ ಐದು ಜನ ಹೋಗಬಹುದು, ಆದರೆ ನಿಧಾನದ ಗಾಡಿಗಳಲ್ಲಿ ಮಾತ್ರ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಮೈಂಟ್ಸ್ ಎಂದು ಇಳಿಯುತ್ತ ಹತ್ತುತ್ತ ಹೋದೆವು. ಪ್ರತಿ ನಿಲ್ದಾಣದಲ್ಲೂ ಶೈಲಾ ದೊಡ್ಡ ಕರಿ ಪೆಟ್ಟಿಗೆಯಲ್ಲಿದ್ದ ತನ್ನ ಗಿಟಾರನ್ನು ಬೆನ್ನಿಗೇರಿಸಿಕೊಂಡು ಮೆಟ್ಟಿಲು ಇಳಿದು ಹತ್ತುತ್ತಿದ್ದಳು. ಮೈಂಟ್ಸ್ ದಾಟಿದ ಮೇಲೆ ಚಪಾತಿ, ಶೇಂಗಾ ಚಟ್ನಿ ಬಿಚ್ಚಿದೆವು.

“ಕೇಳಾಕ ಹೊಂಟೀವಿ, ಇದನ್ಯಾಕ ಹೊತ್ಕೊಂಡು ಬಂದಿ?” ಎಂದೆ.

“ಪ್ರೋಗ್ರಾಮ್ ಮುಗದ ಮ್ಯಾಲ ವಾದ್ಯ ತಂದವ್ರೆಲ್ಲಾ ಸುತ್ತ ಕುಂತು ಬಾರಸ್ತಾರಪ್ಪಾ. ಅವರೂ ಬಂದು ಕೂಡ್ತಾರ.”

“ಅಂಥಾ ದೊಡ್ಡವ್ರ ಮುಂದ ನೀ ಬಾರಸ್ತೀ?”

“ಮುಂದ ಅಲ್ಲಪ್ಪಾ, ಜೋಡಿ. ಎರಡು ವರ್ಷದಿಂದ ಒಂದೇ ಟ್ಯೂನ್ ಪ್ರ್ಯಾಕ್ಟೀಸ್ ಮಾಡೀನಿ. ಒಂದ್ ಸರದಿ ಸಿಕ್ರ ಸಾಕು.”

ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ರೈನ್. ಕಲ್ಲಿದ್ದಲು ತುಂಬಿದ ಉದ್ದನೆಯ ದೋಣಿಗಳು, ಗುಡ್ಡದ ಮೇಲೆ ಮುರಿದ ಕೋಟೆಗಳು, ಇನ್ನೂ ಚಿಗುರದ ದ್ರಾಕ್ಷಿ ತೋಟಗಳು. ಅವಳ ಮಾತು ನನಗೆ ಹಿಡಿಸಿರಲಿಲ್ಲ. ಹೈಸ್ಕೂಲು ಮುಗಿಸಿ ಧಾರವಾಡದಲ್ಲಿ ವಿದ್ಯುತ್ ಮೀಟರ್ ಓದುವ ಕೆಲಸ ಮಾಡಿದವನು ನಾನು. ಸಂಜೆ ಸಂಗೀತ ಸಭೆಯೊಂದರಲ್ಲಿ ಜಮಖಾನೆ ಹಾಸುತ್ತಿದ್ದೆ. ಅಲ್ಲಿ ಗುರುಗಳ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯ ಅವರು ಸನ್ನೆ ಮಾಡುವ ತನಕ ಬಾಯಿ ತೆರೆಯುತ್ತಿರಲಿಲ್ಲ. ಕಲಾವಿದರ ಹತ್ತಿರ ನುಗ್ಗುವ ಹುಡುಗರನ್ನು ರಟ್ಟೆ ಹಿಡಿದು ಕೂರಿಸುವುದು ನನ್ನ ಪಾಲಿನ ಕೆಲಸವಾಗಿತ್ತು.

ಮಧ್ಯಾಹ್ನ ಆಖೆನ್ ತಲುಪಿದಾಗ ಜಿಟಿಜಿಟಿ ಮಳೆ. ಅಲ್ಲಿ ಎಂ.ಎಸ್. ಓದುತ್ತಿದ್ದ, ಶೈಲಾಳ ಪರಿಚಯದ ಗದಗಿನ ಪಾಟೀಲ ನಿಲ್ದಾಣಕ್ಕೆ ಬಂದಿದ್ದ. ಆ ರಾತ್ರಿ ಅವನ ಕೋಣೆಯಲ್ಲೇ ನಮ್ಮ ವಸತಿ.

“ಬರ್ರಿ ಕಾಕಾ! ಏನ್ರಿ ಅಕ್ಕಾರ, ಬೆನ್ನಮ್ಯಾಗ ಫ್ರಿಜ್ ಹೊತ್ಕೊಂಡು ಬಂದೀರಿ?” ಎಂದ.

“ಹೂಂ, ನಿನ್ನ ಸಾರು ಹಳಸ್ಬಾರ್ದು ಅಂತ,” ಎಂದಳು ಶೈಲಾ. ಅವಳು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಬಹಳ ದಿನ ನೋಡಿರಲಿಲ್ಲ.

ಕಛೇರಿ ಹಳೆಯ ಬಟ್ಟೆ ಗಿರಣಿಯೊಂದರಲ್ಲಿ. ತಲೆಗೆ ಹದಿನೈದು ಯೂರೋ. ಐದು ಗಂಟೆಗೆ ವಾದಕರು ಬಂದರು. ಬಿಳಿ ತಲೆ, ಕುತ್ತಿಗೆಯ ತನಕ ಗುಂಡಿ ಹಾಕಿದ ಅಂಗಿ. ಡೋಲು ಇಲ್ಲ, ಬಣ್ಣದ ದೀಪ ಇಲ್ಲ, ಎದುರಿಗೊಂದು ಮೈಕು. ಬ್ಲೂಗ್ರಾಸ್ ಎನ್ನುವ ಆ ಸಂಗೀತವನ್ನು ಗದ್ದಲವೆಂದು ತಿಳಿದಿದ್ದೆ. ಅವರ ಬೆರಳು ತಂತಿಯ ಮೇಲೆ ಓಡಿದ ವೇಗಕ್ಕೆ ಸಿತಾರಿನ ಝಾಲಾ ನೆನಪಾಯಿತು. ಒಂದೊಂದು ಸ್ವರವೂ ಕಾಳು ಎಣಿಸಿಟ್ಟಂತೆ ಬಿಡಿಬಿಡಿ. ನಡುವೆ ಒಂದು ನಿಧಾನದ ಹಾಡು ಹಾಡಿದರು. ಮಾತು ತಿಳಿಯದಿದ್ದರೂ “ವಾಹ್!” ಎಂದುಬಿಟ್ಟೆ. ಮುಂದೆ ಕೂತ ಹೆಂಗಸು ತಿರುಗಿ ನೋಡಿ ಮುಗುಳ್ನಕ್ಕಳು.

ಕಛೇರಿ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದರು. ವಾದ್ಯ ತಂದವರು ಹತ್ತಾರು ಜನ. ವಾದಕರು ಅವರ ನಡುವೆಯೇ ಒಂದು ಕುರ್ಚಿ ಎಳೆದುಕೊಂಡರು. ಶೈಲಾ ವಾದಕರಿಗೆ ಎದುರಾಗಿ ಕೂತಳು. ಅವಳ ಬೆನ್ನ ಹಿಂದೆ ನಾನು, ಪಾಟೀಲ. ಎಲ್ಲರೂ ಕೂಡಿ ನುಡಿಸುವುದು, ವಾದಕರು ತಲೆಯಾಡಿಸಿ ಕರೆದವರು ಆ ಸುತ್ತಿನಲ್ಲಿ ಮುಂದಾಗಿ ನುಡಿಸುವುದು. ಒಬ್ಬ ಜರ್ಮನ್ ಮುದುಕನ ಪಿಟೀಲು ಎರಡು ಕಡೆ ಅಪಸ್ವರ ಹೊರಡಿಸಿತು. ನಾನು ಮುಖ ಕಿವುಚಿದೆ. ವಾದಕರು ಮಾತ್ರ ಅವನು ಎಡವಿದಲ್ಲಿ ತಾಳವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು ಅವನನ್ನು ದಾಟಿಸಿದರು.

ಮುಂದಿನ ಹಾಡು ಶುರುವಾದಾಗ ಶೈಲಾ ತಿರುಗಿ, “ಅಪ್ಪಾ, ಇದೇ, ನನ್ನ ಟ್ಯೂನ್!” ಎಂದಳು. ಎರಡು ಸುತ್ತು ಆಯಿತು. ವಾದಕರು ಅವಳತ್ತ ನೋಡಿ ತಲೆಯಾಡಿಸಿದರು. ಅವಳು ಬೆನ್ನು ನೆಟ್ಟಗೆ ಮಾಡಿ ತಂತಿ ಮೀಟಲು ಕೈ ಎತ್ತಿದಳು.

ನಾನು ಹಿಂದಿನಿಂದ ಅವಳ ರಟ್ಟೆ ಹಿಡಿದೆ. “ಬ್ಯಾಡ, ದೊಡ್ಡವ್ರು ಕುಂತಾರ.”

ವಾದಕರು ಬರಿಯ ತಾಳ ನುಡಿಸುತ್ತ ಸ್ವಲ್ಪ ಹೊತ್ತು ಕಾದರು. ಮತ್ತೊಮ್ಮೆ ತಲೆಯಾಡಿಸಿದರು. ನಾನು ಕೈ ಬಿಡಲಿಲ್ಲ. ಅವರು ಪಕ್ಕದವನ ಕಡೆ ತಿರುಗಿದರು. ಆ ಹಾಡು ಮುಗಿಯುವಷ್ಟರಲ್ಲಿ ಅವರನ್ನು ಕರೆದೊಯ್ಯುವ ಕಾರು ಬಂದಿತ್ತು. ಎಲ್ಲರ ಕೈ ಕುಲುಕುತ್ತ ನಮ್ಮ ಹತ್ತಿರ ಬಂದವರು ನನ್ನನ್ನು ಏನೋ ಕೇಳಿದರು.

“ನೀವೂ ನುಡಿಸ್ತೀರೇನು ಅಂತ ಕೇಳಾಕತ್ತಾರ,” ಎಂದಳು ಶೈಲಾ, ನನ್ನ ಮುಖ ನೋಡದೆ.

“ಇಲ್ಲ ಅನ್ನು,” ಎಂದೆ.

ಬಸ್ಸಿಗೆ ಕಾಯುವಾಗ ಅವಳು ದೂರ ನಿಂತಿದ್ದಳು. ಪಾಟೀಲ ಮೆಲ್ಲಗೆ, “ಕಾಕಾ, ಅವರೇ ಕರದ್ರಲ್ರಿ,” ಎಂದ. ವಾದಕರ ಮರ್ಯಾದೆಗೆಂದು ತಡೆದೆ ಎಂದುಕೊಂಡು ಆ ರಾತ್ರಿ ಮಲಗಲು ನೋಡಿದೆ. ಆದರೆ ಪಿಟೀಲಿನ ಆ ಮುದುಕ ತಪ್ಪಿದಾಗ ಅವನ ಮಾನವೇನೂ ಹೋಗಿರಲಿಲ್ಲ. ಶೈಲಾ ತಪ್ಪಿದರೆ ನನ್ನ ಮಾನ ಹೋದೀತೆಂದು ಹೆದರಿದ್ದೆ. ಮಗನಾಗಿದ್ದರೆ ನನ್ನ ಕೈ ಅಷ್ಟು ಬೇಗ ಮುಂದೆ ಹೋಗುತ್ತಿತ್ತೇ? ಇಲ್ಲವೆಂದೇ ನನಗೆ ಅನ್ನಿಸುತ್ತದೆ.

ಭಾನುವಾರ ಮತ್ತೊಂದು ಟಿಕೆಟ್ ತೆಗೆದು ಬಂದ ದಾರಿಯಲ್ಲೇ ಹೊರಟೆವು. ಕೋಬ್ಲೆನ್ಸ್‌ನಲ್ಲಿ ನಮ್ಮ ಬೋಗಿಯಲ್ಲಿದ್ದವರೆಲ್ಲ ಇಳಿದು ಹೋದರು.

“ತಪ್ಪಾತು ಯವ್ವಾ,” ಎಂದೆ.

“ಇರ್ಲಿ ಬಿಡಪ್ಪಾ.”

“ಇರ್ಲಿ ಅನಬ್ಯಾಡ. ಬೈಯಿ.”

“ಬೈದ್ರ ಅವ್ರು ತಿರುಗಿ ಬರ್ತಾರೇನು?”

ರೈನ್ ಮತ್ತೆ ಕಾಣಿಸಿಕೊಂಡಿತು, ಈ ಸಲ ಎಡಗಡೆ. “ಆ ಟ್ಯೂನ್ ನನಗರೆ ಕೇಳಸ್ತೀಯೇನು?” ಎಂದೆ. ಅವಳು ಪೆಟ್ಟಿಗೆ ತೆರೆದು, ಗಿಟಾರನ್ನು ತೊಡೆಯ ಮೇಲಿಟ್ಟು ಶ್ರುತಿ ನೋಡಿದಳು. ಮೊದಲ ಸ್ವರ ಮೀಟುವ ಮುಂಚೆ ಅವಳ ಕಣ್ಣು ಒಂದು ಕ್ಷಣ ನನ್ನ ಕೈಗಳ ಕಡೆ ಹೋಗಿ ಬಂತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ. ಅವಳು ನುಡಿಸಿ ಮುಗಿಸುವ ತನಕ ಹಾಗೇ ಕೂತಿದ್ದೆ.